ತಿದಿ ಒತ್ತುವ ಕೈ

ಸೂಪರ್‌ಚಾರ್ಜರ್ ಕೂರಿಸಿದರೆ ಇಂಜಿನ್ನಿನ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎನ್ನುವವರಿದ್ದಾರೆ. ಮಾತು ಪೂರ್ತಿ ಸುಳ್ಳಲ್ಲ, ಆದರೆ ತಿದಿ ಒತ್ತುವ ಕೈಯ ತಪ್ಪನ್ನು ಅದು ತಿದಿಯ ಮೇಲೆ ಹೊರಿಸುತ್ತದೆ. ಸೂಪರ್‌ಚಾರ್ಜರ್ ಒಂದು ಬಗೆಯ ತಿದಿಯೇ. ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಗಾಳಿಯಂತ್ರ ಹೆಸರು ಮಾಡಿದ್ದು ಲೋಹ ಕರಗಿಸುವ ಕುಲುಮೆಗಳಲ್ಲಿ. ಕಾರು ಆಗಿನ್ನೂ ಹುಟ್ಟಿರಲಿಲ್ಲ. ಅದೇ ಯಂತ್ರವನ್ನು ಇಂಜಿನ್ನಿನ ಬೆಲ್ಟಿಗೋ ಗಿಯರಿಗೋ ಕಟ್ಟಿದರೆ, ಸಿಲಿಂಡರು ತಾನಾಗಿ ಎಳೆದುಕೊಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಒಳಗೆ ತುರುಕುತ್ತದೆ. ಗಾಳಿ ಹೆಚ್ಚಿದಷ್ಟೂ ಇಂಧನ ಹೆಚ್ಚು ಉರಿಸಬಹುದು. ಹುಟ್ಟಿದ ಶಕ್ತಿಯಲ್ಲಿ ಒಂದು ಪಾಲು ತಿದಿಯನ್ನು ತಿರುಗಿಸುವುದಕ್ಕೇ ಹೋಗುತ್ತದೆ ಅನ್ನುವುದು ಬೇರೆ ಮಾತು.

ಜನರಲ್ ಮೋಟರ್ಸ್ 1938ರಲ್ಲಿ 71 ಸರಣಿಯ ಎರಡು ಸ್ಟ್ರೋಕಿನ ಡೀಸೆಲ್ ಇಂಜಿನ್ ತಂದಾಗ ಅದರ ಪಕ್ಕಕ್ಕೆ ರೂಟ್ಸ್ ಮಾದರಿಯ ಬ್ಲೋವರ್ ಜೋಡಿಸಿತ್ತು. ಬಸ್ಸು, ಲಾರಿ, ಎರಡನೇ ಮಹಾಯುದ್ಧದ ಸೇನಾ ದೋಣಿಗಳಲ್ಲಿ ಆ ಇಂಜಿನ್ನುಗಳು ವರ್ಷಾನುಗಟ್ಟಲೆ ದುಡಿದವು. ಯುದ್ಧದ ನಂತರ ಅಮೆರಿಕದ ರೇಸು ಹುಚ್ಚಿನ ಹುಡುಗರು ಅದೇ ಬ್ಲೋವರನ್ನು ಕಳಚಿ ತಮ್ಮ ಪೆಟ್ರೋಲ್ ಇಂಜಿನ್ನಿನ ನೆತ್ತಿಯ ಮೇಲೆ ಕೂರಿಸಿದರು. ಅದರ ವಂಶದ್ದೇ ಇಂದು ಟಾಪ್ ಫ್ಯೂಯಲ್ ಡ್ರ್ಯಾಗ್‌ಸ್ಟರ್ ಎಂಬ ರೇಸು ಕಾರುಗಳಲ್ಲೂ ಇದೆ. ಅಲ್ಲಿ ನಾಲ್ಕು ಸೆಕೆಂಡಿನೊಳಗೆ ಮುಗಿಯುವ ಒಂದೊಂದು ಓಟಕ್ಕೂ ಇಂಜಿನ್ ಬಿಚ್ಚಿ ಕಟ್ಟುತ್ತಾರೆ. ಡೀಸೆಲ್ಲಿನಲ್ಲಿ ಬ್ಲೋವರ್ ಹೊಗೆಯನ್ನು ಗುಡಿಸಿ ಹೊಸ ಗಾಳಿ ತುಂಬುತ್ತಿತ್ತಷ್ಟೇ, ಹೆಚ್ಚು ಒತ್ತುತ್ತಿರಲಿಲ್ಲ, ಹೋಲಿಕೆ ಸರಿಯಲ್ಲ ಎಂದು ಬಲ್ಲವರು ತಕರಾರು ತೆಗೆಯಬಹುದು. ನನ್ನ ವಾದಕ್ಕೆ ಬೇಕಿರುವುದೂ ಅದೇ. ಬ್ಲೋವರ್ ಒಂದೇ ಜಾತಿಯದು, ಬದಲಾದದ್ದು ಒತ್ತಡ.

ಒತ್ತಡದ ಬೆನ್ನಿಗೇ ಶಾಖ ಬರುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದವರಿಗೆ ಇದು ಗೊತ್ತು. 30 ಡಿಗ್ರಿಯ ಗಾಳಿಯನ್ನು ಒಂದೂವರೆ ಪಟ್ಟು ಒತ್ತಡಕ್ಕೆ ಏರಿಸಿದರೆ ಸಾಧಾರಣ ಬ್ಲೋವರಿನಿಂದ ಅದು ಹೊರಬರುವಾಗ 80 ಡಿಗ್ರಿ ದಾಟಿರುತ್ತದೆ. ಸಿಲಿಂಡರಿನೊಳಗೆ ಮತ್ತಷ್ಟು ಏರುವ ಆ ಬಿಸಿಗೆ, ಇನ್ನೂ ಉರಿ ಮುಟ್ಟದ ಪೆಟ್ರೋಲ್ ತಾನಾಗಿ ಸಿಡಿದರೆ ನಾಕಿಂಗ್. ಪಿಸ್ಟನ್ ಒಡೆಯುವುದು, ಹೆಡ್ ಗ್ಯಾಸ್ಕೆಟ್ ಹೋಗುವುದು ಬಹುಪಾಲು ಇದರಿಂದಲೇ. ನಿಧಾನದ ಸವಕಳಿ ಅಷ್ಟು ಬೇಗ ಇಂಜಿನ್ ಕೊಲ್ಲುವುದಿಲ್ಲ. ಆದ್ದರಿಂದಲೇ ಕಾರ್ಖಾನೆಯವರು ಕಂಪ್ರೆಷನ್ ಅನುಪಾತ ಇಳಿಸುತ್ತಾರೆ, ಇಂಟರ್‌ಕೂಲರ್ ಇಡುತ್ತಾರೆ, ಪಿಸ್ಟನ್ನಿನ ತಳಕ್ಕೆ ಎಣ್ಣೆ ಚಿಮ್ಮಿಸುತ್ತಾರೆ. ಇವೇನೂ ಇಲ್ಲದ ಹಳೆಯ ಇಂಜಿನ್ನಿಗೆ ಹೊರಗಿನ ಕಿಟ್ ತಂದು ಬಿಗಿದರೆ ಆಯುಸ್ಸು ಅರ್ಧವೇನು, ಒಂದು ಬೇಸಿಗೆಯೂ ಉಳಿಯದಿರಬಹುದು.

ಬೇರಿಂಗುಗಳ ಮೇಲೆ ಭಾರ ಹೆಚ್ಚುವುದಿಲ್ಲವೇ? ಹೆಚ್ಚುತ್ತದೆ. ಆದರೆ ಅಷ್ಟೇ ಶಕ್ತಿಯನ್ನು ಬ್ಲೋವರಿಲ್ಲದೆ ಪಡೆಯಬೇಕಾದರೆ ಇಂಜಿನ್ನನ್ನು ಇನ್ನೂ ಜೋರಾಗಿ ತಿರುಗಿಸಬೇಕು. ವೇಗ ಎರಡು ಪಟ್ಟಾದರೆ ಪಿಸ್ಟನ್ ಕನೆಕ್ಟಿಂಗ್ ರಾಡನ್ನು ಜಗ್ಗುವ ಬಲ ನಾಲ್ಕು ಪಟ್ಟಾಗುತ್ತದೆ. ಕಡಿಮೆ ವೇಗದಲ್ಲಿ ಹದವಾಗಿ ಒತ್ತಿದ ಗಾಳಿ ಅದಕ್ಕಿಂತ ಮೃದು. ಹದ ಎಂದರೆ ಎಷ್ಟು? ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 10ರಷ್ಟು ಕಡಿಮೆ. ಆ ಕೊರತೆಯನ್ನಷ್ಟೇ ತುಂಬುವ ಬ್ಲೋವರ್ ಇಲ್ಲಿನ ಇಂಜಿನ್ನಿಗೆ ಕೊಡುವುದು, ತುಸು ಬಿಸಿಯಾದ ಮಂಗಳೂರಿನ ಗಾಳಿಯನ್ನು.