ಮೊಡವೆಗೆ ಮೂರು ದಿನದ ಮದ್ದು, ಮೂರು ತಿಂಗಳ ಮದ್ದು

ಮೊಡವೆ ಎಂದರೇನು ಎಂಬುದನ್ನು ಬೇಗ ಮುಗಿಸಿಬಿಡೋಣ. ಚರ್ಮದ ರೋಮರಂಧ್ರಗಳಿಗೆ ಅಂಟಿಕೊಂಡಂತೆ ಜಿಡ್ಡಿನ ಗ್ರಂಥಿಗಳಿವೆ. ಹರೆಯದಲ್ಲಿ ಆಂಡ್ರೋಜೆನ್ ಹಾರ್ಮೋನು ಏರಿದಾಗ ಅವು ಹೆಚ್ಚು ಜಿಡ್ಡು ಸುರಿಸುತ್ತವೆ. ರಂಧ್ರದ ಒಳಗೋಡೆಯ ಸತ್ತ ಕೋಶಗಳು ಉದುರದೆ ಅಂಟಿಕೊಂಡು ಬಿರಡೆಯಾಗುತ್ತವೆ. ಒಳಗೆ ಸಿಕ್ಕಿಬಿದ್ದ ಜಿಡ್ಡಿನಲ್ಲಿ, ನಮ್ಮೆಲ್ಲರ ಚರ್ಮದಲ್ಲೂ ಇರುವ ಒಂದು ಬ್ಯಾಕ್ಟೀರಿಯಾ ಹೆಚ್ಚುತ್ತದೆ; ಉರಿಯೂತ ಏಳುತ್ತದೆ. ಮೂಗಿನ ಮೇಲಿನ ಕಪ್ಪು ಚುಕ್ಕೆ ಕೊಳೆಯಲ್ಲ, ಎಷ್ಟು ಉಜ್ಜಿ ತೊಳೆದರೂ ಅದು ಹೋಗುವುದಿಲ್ಲ. ಪಂದಿಕರಿ ತಿಂದರೆ ಅದರ ಕೊಬ್ಬು ಮುಖಕ್ಕೇರಿ ಮೊಡವೆಯಾಗುತ್ತದೆ ಎಂಬುದೂ ನಿಜವಲ್ಲ. ರಕ್ತದ ಸಕ್ಕರೆಯನ್ನು ತಟ್ಟನೆ ಏರಿಸುವ ತಿನಿಸುಗಳು, ಕೆಲವರಲ್ಲಿ ಹಾಲು, ಮೊಡವೆಯನ್ನು ಹೆಚ್ಚಿಸುತ್ತವೆ ಎನ್ನಲು ಸ್ವಲ್ಪ ಆಧಾರವಿದೆ. ತಲೆಗೆ ಹಚ್ಚಿದ ಎಣ್ಣೆ ಹಣೆಗಿಳಿದರೆ ಅಲ್ಲಿಯೂ ರಂಧ್ರ ಕಟ್ಟಿಕೊಳ್ಳುತ್ತದೆ.

ಇನ್ನು ನಿಧಾನವಾಗಿ ಓದಬೇಕಾದ ಮಾತು. ಇಂದು ಬೆಳಿಗ್ಗೆ ಕನ್ನಡಿಯಲ್ಲಿ ಕಂಡ ಮೊಡವೆ ನಿನ್ನೆ ರಾತ್ರಿ ಹುಟ್ಟಿದ್ದಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರಡೆಯಾಗಿ ಅದು ವಾರಗಳ ಹಿಂದೆಯೇ ಶುರುವಾಗಿರುತ್ತದೆ. ಕೆಂಪು ಗುಳ್ಳೆಯಾಗಿ ಎದ್ದು ಕಾಣುವ ಹೊತ್ತಿಗೆ ಸುಮಾರು ಎಂಟು ವಾರ ಕಳೆದಿರಬಹುದು. ಕೊಡಗಿನ ನಾಪೋಕ್ಲಿನ ಓದುಗರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಡಿಸೆಂಬರಿನಲ್ಲಿ ಕೆಂಪಗಾದ ಕಾಫಿ ಹಣ್ಣಿನ ಲೆಕ್ಕ ಮಾರ್ಚಿನ ಹೂಮಳೆಯಿಂದಲೇ ಶುರುವಾಗಿರುತ್ತದೆ. ಸರಿಯಾದ ಮದ್ದು ಕೆಲಸ ಮಾಡುವುದು ಮುಂದೆ ಏಳಲಿರುವ ಮೊಡವೆಗಳ ಮೇಲೆ. ಆದ್ದರಿಂದ ಅದನ್ನು ಗುಳ್ಳೆ ಎದ್ದ ಜಾಗಕ್ಕಷ್ಟೇ ಚುಕ್ಕೆಯಿಡದೆ ಮೊಡವೆ ಬರುವ ಭಾಗಕ್ಕೆಲ್ಲ ತೆಳ್ಳಗೆ ಹಚ್ಚಬೇಕು. ಗುಣ ಕಂಡಿತೋ ಇಲ್ಲವೋ ಎಂದು ತೀರ್ಮಾನಿಸಲು ಎಂಟರಿಂದ ಹನ್ನೆರಡು ವಾರ ಕಾಯಬೇಕು. ಜನ ಎಡವುವುದು ಇಲ್ಲೇ. ಎರಡು ವಾರ ಹಚ್ಚಿ, ಚರ್ಮ ಒಣಗಿ ಸಿಪ್ಪೆ ಏಳುತ್ತಿದ್ದಂತೆ, "ಈ ಡಾಕ್ಟರ ಮದ್ದು ನಂಗೆ ಹಿಡಿಸಲಿಲ್ಲ" ಎಂದು ಬಿಟ್ಟುಬಿಡುತ್ತಾರೆ.

ಆಗ ಕೈಗೆ ಸಿಗುವುದು ಮೂರು ದಿನದ ಮದ್ದು. ಬೀಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಇರುವ ಟ್ಯೂಬುಗಳು. ಇವೆಲ್ಲ ಸ್ಟೀರಾಯ್ಡ್. ಇಸುಬಿನಂಥ ಕಾಯಿಲೆಗೆ, ವೈದ್ಯರು ಹೇಳಿದಷ್ಟು ದಿನ ಹಚ್ಚಿದರೆ ಒಳ್ಳೆಯ ಔಷಧಿಗಳೇ. ಮೊಡವೆಗೆ ಹಚ್ಚಿದಾಗ ರಕ್ತನಾಳ ಕುಗ್ಗುತ್ತದೆ, ಉರಿಯೂತ ಅಡಗುತ್ತದೆ, ಕೆಂಪು ಮಾಯವಾಗುತ್ತದೆ, ಮುಖ ಒಂದಿಷ್ಟು ಬೆಳ್ಳಗೂ ಕಾಣುತ್ತದೆ. ಒಳಗಿನ ಬಿರಡೆ ಮಾತ್ರ ಇದ್ದಲ್ಲೇ ಇರುತ್ತದೆ. ನಿಲ್ಲಿಸಿದೊಡನೆ ಉರಿ, ಕೆಂಪು, ಗುಳ್ಳೆ ಮೊದಲಿಗಿಂತ ಜೋರಾಗಿ ಮರಳುತ್ತವೆ. ಹೆದರಿ ಮತ್ತೆ ಹಚ್ಚುತ್ತಾರೆ. ತಿಂಗಳುಗಟ್ಟಲೆ ಹೀಗೆ ನಡೆದರೆ ಚರ್ಮ ತೆಳ್ಳಗಾಗಿ ರಕ್ತನಾಳಗಳು ಎದ್ದು ಕಾಣುತ್ತವೆ, ಮುಖದಲ್ಲಿ ಕೂದಲು ಬೆಳೆಯುತ್ತದೆ, ಸ್ಟೀರಾಯ್ಡಿನಿಂದಲೇ ಹೊಸ ಮೊಡವೆ ಏಳುತ್ತದೆ. ಕಲೆ ಹೋಗಿ ಬಿಳುಪು ಬರುತ್ತದೆ ಎಂದು ಹೆಸರಾದ ಕೆಲವು ಕ್ರೀಮುಗಳಲ್ಲಿ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಜತೆಗೆ ಸ್ಟೀರಾಯ್ಡೂ ಸೇರಿರುತ್ತದೆ. 2011ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದರಲ್ಲಿ, ಮುಖದ ಚರ್ಮದ ತೊಂದರೆಗೆಂದು ಚರ್ಮವೈದ್ಯರ ಬಳಿ ಬಂದ 2926 ಮಂದಿಯಲ್ಲಿ 433 ಮಂದಿ ಸ್ಟೀರಾಯ್ಡ್ ಕ್ರೀಮು ಹಚ್ಚುತ್ತಿದ್ದರು. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡುಗಳ ಮುಲಾಮುಗಳನ್ನು, ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ, ಅಂದರೆ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಟ್ಯೂಬು ಕೊಳ್ಳುವಾಗ ದೊಡ್ಡಕ್ಷರದ ಹೆಸರನ್ನು ಬಿಟ್ಟು, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಮದ್ದಿನ ಹೆಸರುಗಳನ್ನು ಓದಿ. ಇದೊಂದು ಅಭ್ಯಾಸವನ್ನು ಹತ್ತನೇ ತರಗತಿಯ ಮಕ್ಕಳಿಗೆ ಕಲಿಸಿದರೂ ಎಷ್ಟೋ ಮುಖಗಳು ಉಳಿಯುತ್ತವೆ. ತಿಂಗಳುಗಟ್ಟಲೆ ಹಚ್ಚಿದವರು ತಾವಾಗಿಯೇ ಏಕಾಏಕಿ ನಿಲ್ಲಿಸಬಾರದು. ವೈದ್ಯರಿಗೆ ತೋರಿಸಿ ಬಿಡಿಸಿಕೊಳ್ಳಬೇಕು.

ಮೂರು ತಿಂಗಳ ಮದ್ದುಗಳಲ್ಲಿ ಮೊದಲನೆಯದು ಬೆಂಜಾಯಿಲ್ ಪೆರಾಕ್ಸೈಡ್. ಬ್ಯಾಕ್ಟೀರಿಯಾ ಇದಕ್ಕೆ ಪ್ರತಿರೋಧ ಬೆಳೆಸಿಕೊಳ್ಳುವುದಿಲ್ಲ. ಶೇ. 2.5ರದ್ದು ಶೇ. 10ರದ್ದರಷ್ಟೇ ಕೆಲಸ ಮಾಡುತ್ತದೆ, ಉರಿ ಕಡಿಮೆ. ದಿಂಬಿನ ಚೀಲ, ಟವೆಲಿನ ಬಣ್ಣ ಮಾತ್ರ ಬಿಡುತ್ತದೆ! ಬಿರಡೆಯನ್ನು ಬಿಡಿಸುವುದು ಅಡಾಪಲೀನ್, ಟ್ರೆಟಿನಾಯಿನ್‌ನಂಥ ರೆಟಿನಾಯ್ಡುಗಳು. ರಾತ್ರಿ ಹೊತ್ತು, ಮುಖಕ್ಕೆಲ್ಲ ಸೇರಿ ಬಟಾಣಿ ಗಾತ್ರದಷ್ಟು ಸಾಕು. ಮೊದಲ ವಾರಗಳಲ್ಲಿ ಉರಿದರೆ, ಸಿಪ್ಪೆ ಎದ್ದರೆ ಎರಡು ದಿನಕ್ಕೊಮ್ಮೆ ಹಚ್ಚಿದರಾಯಿತು. ಗರ್ಭಿಣಿಯರಿಗೆ ಇವು ಬೇಡ. ಅವರಿಗೆ ಅಜೆಲಾಯಿಕ್ ಆಮ್ಲದ ಕ್ರೀಮು ಇದೆ. ಕ್ಲಿಂಡಮೈಸಿನ್ ಜೆಲ್ ಅನ್ನು ಒಂಟಿಯಾಗಿ ಹಚ್ಚಬಾರದು, ಪ್ರತಿರೋಧ ಬೆಳೆಯುತ್ತದೆ.

ಮೊಡವೆ ಜೋರಿದ್ದರೆ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಇಲಿಜ್ವರಕ್ಕೆ ಕೊಡುವುದೂ ಇದನ್ನೇ, ಹಾಗಾಗಿ ತೋಟದ ಮನೆಗಳಲ್ಲಿ ಹೆಸರು ಕೇಳಿರುತ್ತಾರೆ. ಲೋಟದ ತುಂಬ ನೀರಿನೊಂದಿಗೆ ನುಂಗಿ, ಕೂಡಲೇ ಮಲಗಬಾರದು. ಅನ್ನನಾಳದಲ್ಲಿ ನಿಂತರೆ ಅಲ್ಲಿಯೇ ಹುಣ್ಣು ಮಾಡುತ್ತದೆ. ಈ ಮಾತ್ರೆ ತಿನ್ನುತ್ತಾ ಕಾಫಿ ಕೊಯ್ಲಿನ ಬಿಸಿಲಿಗೆ ನಿಂತರೆ ಮುಖ, ಕೈ ಸುಟ್ಟಂತೆ ಕೆಂಪಾಗಬಹುದು. ಟೋಪಿ, ತುಂಬುತೋಳು ಬೇಕೇ ಬೇಕು. ಮಾತ್ರೆಯನ್ನು ಮೂರು ತಿಂಗಳಿಗೆ ಮೀರಿ ಎಳೆಯುವಂತಿಲ್ಲ. ಮುಟ್ಟು ಏರುಪೇರಾಗಿ ಗದ್ದದಲ್ಲಿ ಕೂದಲೂ ಬರುತ್ತಿದ್ದರೆ ಪಿಸಿಓಎಸ್ ಎಂಬ ಅಂಡಾಶಯದ ತೊಂದರೆ ಇದೆಯೇ ಎಂದು ನೋಡಿಸಬೇಕು. ಆಗ ಹಾರ್ಮೋನಿನ ಮದ್ದು ಬೇಕಾದೀತು.

ಗಂಟುಗಂಟಾಗಿ ಗುಳಿ ಬೀಳಿಸುವ ಮೊಡವೆಗೆ ಐಸೊಟ್ರೆಟಿನಾಯಿನ್. 1982ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಮಾತ್ರೆ ಜಿಡ್ಡಿನ ಗ್ರಂಥಿಯನ್ನೇ ಕುಗ್ಗಿಸುತ್ತದೆ; ಇಷ್ಟು ಬಲವಾದ ಮದ್ದು ಮೊಡವೆಗೆ ಇನ್ನೊಂದಿಲ್ಲ. ತುಟಿ ಒಡೆಯುವುದು ಬಹುತೇಕ ಎಲ್ಲರಿಗೂ ಇದ್ದದ್ದೇ. ರಕ್ತದ ಕೊಬ್ಬು, ಯಕೃತ್ತಿನ ಪರೀಕ್ಷೆ ಬೇಕು; ಮನಸ್ಸು ಕುಗ್ಗಿದಂತೆ ಅನಿಸಿದರೆ ತಡಮಾಡದೆ ವೈದ್ಯರಿಗೆ ಹೇಳಬೇಕು. ಡಾಕ್ಸಿಸೈಕ್ಲಿನ್ ಜತೆ ತಿಂದರೆ ತಲೆಬುರುಡೆಯೊಳಗಿನ ಒತ್ತಡ ಏರುವ ಅಪಾಯವಿದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಗರ್ಭಕ್ಕೆ ಇದು ಘೋರ. ಮಗುವಿನ ಹೃದಯ, ಮಿದುಳು, ಮುಖ ಊನವಾಗಬಹುದು. ಮಾತ್ರೆ ತಿನ್ನುವಾಗಲೂ ನಿಲ್ಲಿಸಿದ ಮೇಲೆ ಒಂದು ತಿಂಗಳೂ ಗರ್ಭ ನಿಲ್ಲಕೂಡದು, ರಕ್ತದಾನವೂ ಕೂಡದು. ಮದುವೆ ಗೊತ್ತಾದ ಹುಡುಗಿಯ ಮುಖ ತಿಳಿಯಾಗಲೆಂದು ತಾಯಂದಿರು ಮದ್ದು ಕೇಳುವುದು ಸಾಮಾನ್ಯ. ಮದುವೆಯ ದಿನಾಂಕವನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿ, ಆ ಹುಡುಗಿಯೊಂದಿಗೇ ಬಿಡಿಸಿ ಮಾತನಾಡಲು ಬಿಡಿ.

ಮಡಿಕೇರಿಯ ವೈದ್ಯಕೀಯ ಕಾಲೇಜಿನಲ್ಲಿ ಓದುವವರಿಗೆ ನನ್ನದೊಂದು ಬೇಡಿಕೆ. 2011ರ ಆ ಎಣಿಕೆಗೆ ಸಿಕ್ಕವರು ಚರ್ಮವೈದ್ಯರವರೆಗೆ ಹೋದವರು ಮಾತ್ರ. ಮಳೆಗಾಲದಲ್ಲಿ ಕಾವೇರಿ ಉಕ್ಕಿ ಬೊಳಿಬಾಣೆಯಲ್ಲಿ ಮೂರ್ನಾಡು ರಸ್ತೆ ಮುಳುಗಿದಾಗ, ತೋರಿಸಲು ಹೋಗಲಾಗದೆ ಹಳೆಯ ಟ್ಯೂಬನ್ನೇ ಮತ್ತೆ ತರಿಸಿಕೊಳ್ಳುವವರು ಅಂಥ ಲೆಕ್ಕಕ್ಕೆ ಬರುವುದಿಲ್ಲ. ನಾಪೋಕ್ಲಿನ ಸಂತೆಗೆ ಬಂದವರನ್ನು, ಸುತ್ತಲಿನ ಪ್ರೌಢಶಾಲೆಗಳ ಮಕ್ಕಳನ್ನು ಕೇಳಿ: ಏನು ಹಚ್ಚುತ್ತೀರಿ, ಯಾರು ಹೇಳಿದರು, ಎಷ್ಟು ತಿಂಗಳಾಯಿತು. ಖಾಲಿ ಟ್ಯೂಬುಗಳನ್ನೂ ತರಲು ಹೇಳಿ, ಹೆಸರು ಮರೆತವರ ಉತ್ತರ ಅದರ ಮೇಲೆಯೇ ಅಚ್ಚಾಗಿರುತ್ತದೆ.