ದೇವರ ದನಿ ಯಾವುದು, ನಮ್ಮದು ಯಾವುದು?

ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಎಷ್ಟೋ ಚರ್ಚುಗಳಲ್ಲಿ ಒಂದು ತಟ್ಟೆ ಸಾಲಿನಿಂದ ಸಾಲಿಗೆ ಹೋಗುತ್ತದೆ. ಕಾಣಿಕೆ ತಟ್ಟೆಯಲ್ಲ, ವಾಗ್ದಾನದ ಚೀಟಿಗಳ ತಟ್ಟೆ. ಒಂದೊಂದು ಚೀಟಿಯಲ್ಲೂ ಸತ್ಯವೇದದ ಒಂದು ವಾಕ್ಯ. ನೋಡದೆ ಒಂದನ್ನು ಎತ್ತಿಕೊಳ್ಳಬೇಕು. ಬರುವ ವರ್ಷಕ್ಕೆ ದೇವರು ನಮಗೇ ಕೊಟ್ಟ ಮಾತು ಅದು ಅಂತ ನಂಬಿಕೆ. ಅಜ್ಜಿಯಂದಿರು ಅದನ್ನು ಸತ್ಯವೇದದ ಪುಟಗಳ ನಡುವೆ ಜೋಪಾನವಾಗಿ ಇಡುತ್ತಾರೆ. ಕೆಲಸ ಹುಡುಕುತ್ತಿರುವ ನಮ್ಮ ವಯಸ್ಸಿನವರು ಮೊದಲು ನೋಡುವುದು ಬೇರೆಯೇ: ಇದರಲ್ಲಿ ನೌಕರಿ ಆಗುವ ಸೂಚನೆ ಏನಾದರೂ ಇದೆಯಾ?

ಇದು ಕ್ರೈಸ್ತರಿಗೆ ಮಾತ್ರ ಸೇರಿದ ಕುತೂಹಲವಲ್ಲ. ನಮ್ಮ ತೊಗರ್ಸಿಯಿಂದ ಹಿರೇಕೆರೂರು, ರಾಣೆಬೆನ್ನೂರು ಹಾದಿ ಹಿಡಿದರೆ ದೇವರಗುಡ್ಡ ಸಿಗುತ್ತದೆ, ಇನ್ನೂ ಮುಂದೆ ತುಂಗಭದ್ರೆ ದಾಟಿದರೆ ಮೈಲಾರ. ಅಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕ ಒಂದೇ ಸಾಲು. ಮರುದಿನ ಅದನ್ನು ಮಳೆ-ಬೆಳೆಯ ಮಾತು ಎನ್ನುವವರು ಒಂದು ಕಡೆ, ಸರ್ಕಾರದ ಮಾತು ಎನ್ನುವವರು ಇನ್ನೊಂದು ಕಡೆ. ಮಾತು ಕೇಳುವುದು ಒಂದು, ಅದರ ಅರ್ಥ ಹಿಡಿಯುವುದು ಇನ್ನೊಂದು. ಯಾವ ಧರ್ಮದವರಾದರೂ ಎಡವುವುದು ಎರಡನೆಯದರಲ್ಲೇ.

ಇಷ್ಟಕ್ಕೂ ಸತ್ಯವೇದದಲ್ಲಿ ದೇವರ ದನಿ ಕೇಳಿದವರ ಕಥೆಗಳನ್ನು ನಿಧಾನವಾಗಿ ಓದಿದರೆ, ನಾವು ಅಂದುಕೊಂಡಷ್ಟು ಸಲೀಸಾಗಿ ಯಾರಿಗೂ ಕೇಳಿಸಿಲ್ಲ. ಬಾಲಕ ಸಮುವೇಲನನ್ನೇ ನೋಡಿ. ರಾತ್ರಿ ಯಾರೋ ಹೆಸರು ಹಿಡಿದು ಕೂಗುತ್ತಾರೆ. ಹುಡುಗ ಎದ್ದು ಮುದುಕ ಯಾಜಕ ಏಲಿಯ ಹತ್ತಿರ ಓಡುತ್ತಾನೆ. ನಾನು ಕರೆದಿಲ್ಲ, ಹೋಗಿ ಮಲಗು ಅಂತ ಏಲಿ ಕಳಿಸುತ್ತಾನೆ. ಹೀಗೆ ಮೂರು ಸಲ! ಮೂರನೇ ಸಲ ವಿಷಯ ಹೊಳೆದದ್ದೂ ಹುಡುಗನಿಗಲ್ಲ, ಕಣ್ಣು ಮಂಜಾಗಿದ್ದ ಏಲಿಗೆ. ಭಾನುವಾರ ಶಾಲೆಯಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಮುಂದಿನ ಭಾಗ ಕಹಿ. ದೇವರು ಆ ರಾತ್ರಿ ಹೇಳಿದ್ದು ಸಮುವೇಲನ ಉಜ್ವಲ ಭವಿಷ್ಯದ ಬಗ್ಗೆಯಲ್ಲ. ಮಕ್ಕಳ ದುರ್ನಡತೆಯನ್ನು ತಡೆಯದ ಏಲಿಯ ಮನೆಗೆ ಬರಲಿರುವ ಶಿಕ್ಷೆಯ ಬಗ್ಗೆ. ಬೆಳಗಾದಾಗ ಹುಡುಗನಿಗೆ ಬಾಯಿ ಬಿಡಲು ಹೆದರಿಕೆ. ಮುಚ್ಚಿಡದೆ ಹೇಳು ಎಂದವನೂ ಏಲಿಯೇ. ದೇವರ ದನಿ ಎಂದು ನಾವು ಹೇಳಿಕೊಳ್ಳುವುದೆಲ್ಲ ಯಾವಾಗಲೂ ನಮಗೆ ಹಿತವಾದದ್ದನ್ನೇ ಹೇಳುತ್ತಿದ್ದರೆ ಸ್ವಲ್ಪ ಅನುಮಾನಪಡಬೇಕು ಅಂತ ನನಗನ್ನಿಸುವುದು ಈ ಕಥೆಯಿಂದ.

ಎಲೀಯನದು ಇನ್ನೊಂದು ಬಗೆ. ಜೀವಭಯದಿಂದ ಓಡಿಹೋದ ಪ್ರವಾದಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ಸಾಯಿಸಿಬಿಡು ಅಂತ ದೇವರನ್ನು ಬೇಡುತ್ತಾನೆ. ಬಿರುಗಾಳಿ, ಭೂಕಂಪ, ಬೆಂಕಿ ಯಾವುದರಲ್ಲೂ ಇರದ ದೇವರು ಕೊನೆಗೆ ಮೆಲ್ಲಗಿನ ದನಿಯಲ್ಲಿ ಮಾತಾಡಿದ ಹೋರೇಬಿನ ಪ್ರಸಂಗ ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ನಡೆದದ್ದನ್ನು ಬೋಧನೆಗಳಲ್ಲಿ ನಾನು ಕೇಳಿದ್ದು ಕಡಿಮೆ. ದೇವದೂತ ಬಂದು ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಎಬ್ಬಿಸಿ ಇನ್ನೊಮ್ಮೆ ಉಣಿಸಿದ. ಮಾತುಕತೆ ಎಲ್ಲ ಆಮೇಲೆ. ಸ್ಪರ್ಧಾತ್ಮಕ ಪರೀಕ್ಷೆಗೆ ಊಟ-ನಿದ್ದೆ ಬಿಟ್ಟು ಓದಿ, ಕಟ್‌ಆಫ್‌ನಲ್ಲಿ ಒಂದು ಅಂಕಕ್ಕೆ ತಪ್ಪಿಸಿಕೊಂಡು, ದೇವರೂ ಕೈಬಿಟ್ಟ ಎನ್ನುವ ಗೆಳೆಯರಿಗೆ ನಾನು ತೋರಿಸುವುದು ಈ ರೊಟ್ಟಿಯ ಭಾಗವನ್ನೇ.

ಇದನ್ನೆಲ್ಲ ಒಂದು ಅಭ್ಯಾಸದ ಕ್ರಮಕ್ಕೆ ತಂದವರಲ್ಲಿ ದೊಡ್ಡ ಹೆಸರು ಸಂತ ಇಗ್ನೇಷಿಯಸ್ ಲೊಯೋಲಾ. ಸ್ಪೇನಿನ ಈ ಯೋಧ 1521ರಲ್ಲಿ ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಮಲಗಿದ್ದ. ಓದಲು ಕೇಳಿದ್ದು ವೀರರ ರಮ್ಯ ಕಥೆಗಳನ್ನು. ಮನೆಯಲ್ಲಿ ಇದ್ದದ್ದು ಯೇಸುವಿನ ಮತ್ತು ಸಂತರ ಜೀವನಚರಿತ್ರೆ ಮಾತ್ರ. ಮಲಗಿದಲ್ಲೇ ಎರಡು ಬಗೆಯ ಹಗಲುಗನಸು ಕಾಣುತ್ತಿದ್ದ: ಯುದ್ಧ ಗೆದ್ದು ಒಬ್ಬ ದೊಡ್ಡ ಮನೆತನದ ಹೆಣ್ಣಿನ ಮನಸ್ಸು ಗೆಲ್ಲುವುದು ಒಂದು, ಸಂತರಂತೆ ಬದುಕುವುದು ಇನ್ನೊಂದು. ಕಾಣುವಾಗ ಎರಡೂ ಖುಷಿಯೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿದ ಹಾಗೆ ಆಗುತ್ತಿತ್ತು, ಎರಡನೆಯದು ಮುಗಿದ ಮೇಲೂ ನೆಮ್ಮದಿ ಉಳಿಯುತ್ತಿತ್ತು. ಈ ಸಣ್ಣ ವ್ಯತ್ಯಾಸವನ್ನು ಗಮನಿಸಿದ್ದೇ ಅವನ ಬದುಕಿನ ತಿರುವು. 1540ರಲ್ಲಿ ಯೇಸುಸಭೆ ಸ್ಥಾಪನೆಯಾಯಿತು. ಮಂಗಳೂರಿನ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಆರಂಭಿಸಿದವರು ಆ ಸಭೆಯ ಪಾದ್ರಿಗಳೇ.

ಇಗ್ನೇಷಿಯಸ್ ಕಲಿಸಿದ ಒಂದು ಅಭ್ಯಾಸಕ್ಕೆ ದಿನದ ಕೊನೆಯ ಕಾಲು ಗಂಟೆ ಸಾಕು. ಬೆಳಗಿನಿಂದ ನಡೆದದ್ದನ್ನು ನೆನೆದು ಕೃತಜ್ಞತೆ ಹೇಳುವುದು, ಮನಸ್ಸು ಎಲ್ಲಿ ಅರಳಿತು, ಎಲ್ಲಿ ಮುದುಡಿತು ಅಂತ ನೋಡಿಕೊಳ್ಳುವುದು. ಒಂದು ದಿನದಲ್ಲಿ ಏನೂ ತಿಳಿಯುವುದಿಲ್ಲ, ಹಲವು ವಾರ ಕಳೆದರೆ ಒಂದು ಜಾಡು ಕಾಣಿಸುತ್ತದೆ. ಇನ್ನೊಂದು ನಿಯಮ ಅಂತೂ ಫಲಿತಾಂಶದ ದಿನ ಮೊಬೈಲ್ ಹಿಡಿದು ಕೂತವರಿಗೇ ಹೇಳಿಸಿದಂತಿದೆ. ಮನಸ್ಸು ಕತ್ತಲೆಗೆ ಬಿದ್ದಾಗ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬಾರದು ಎನ್ನುತ್ತಾನೆ ಆತ.

ಒಳಗೆ ಕೇಳಿಸಿದ್ದನ್ನು ಒಬ್ಬರೇ ಇಟ್ಟುಕೊಂಡರೂ ಕಷ್ಟ. ಮದರ್ ತೆರೇಸಾ ತಮಗೆ ಕರೆ ಬಂತು ಎಂದು ಹೇಳಿದ್ದು 1946ರ ಸೆಪ್ಟೆಂಬರ್ 10ರಂದು, ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ. ಮರುದಿನವೇ ಅವರು ಕೊಳೆಗೇರಿಗೆ ಇಳಿಯಲಿಲ್ಲ. ತಮ್ಮ ಗುರುಗಳಿಗೆ ಹೇಳಿದರು, ಕಲ್ಕತ್ತದ ಆರ್ಚ್‌ಬಿಷಪ್ ಕಾಯಿಸಿದರು. ಅನುಮತಿ ಸಿಕ್ಕಿ ಕಾನ್ವೆಂಟಿನಿಂದ ಹೊರಬಂದದ್ದು 1948ರ ಆಗಸ್ಟ್‌ನಲ್ಲಿ. ಆಮೇಲೆ ದಶಕಗಳ ಕಾಲ ಅವರಿಗೆ ಒಳಗೆ ಬರೀ ಮೌನ. ಅದು ಲೋಕಕ್ಕೆಲ್ಲ ತಿಳಿದದ್ದು 2007ರಲ್ಲಿ ಅವರ ಪತ್ರಗಳು ಪುಸ್ತಕವಾದಾಗ. ದನಿ ನಿಂತರೂ ಕೆಲಸ ನಿಲ್ಲಿಸಲಿಲ್ಲ.

ನಮ್ಮ ನೆಲಕ್ಕೂ ಈ ಪರೀಕ್ಷೆ ಹೊಸದಲ್ಲ. ಇಲ್ಲೇ ಉಡುತಡಿಯ ಅಕ್ಕ ಕಲ್ಯಾಣಕ್ಕೆ ಹೋದಾಗ, ಇಲ್ಲೇ ಬಳ್ಳಿಗಾವಿಯ ಅಲ್ಲಮ ಆಕೆಗೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದ ಎಂದು ಶೂನ್ಯಸಂಪಾದನೆ ಹೇಳುತ್ತದೆ. ಪೌಲನೂ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ ಎರಡೂ ಕಡೆಯವರಿಗೆ ಬುದ್ಧಿ ಹೇಳಿದ್ದಾನೆ: ಪ್ರವಾದನೆಯನ್ನು ಕೀಳಾಗಿ ಕಾಣುವುದೂ ಬೇಡ, ಪರೀಕ್ಷಿಸದೆ ನುಂಗುವುದೂ ಬೇಡ.

ನರ್ಸಿಂಗ್ ಮುಗಿಸಿದ ನನ್ನ ಗೆಳತಿಯೊಬ್ಬಳಿಗೆ ಇದು ಬರೀ ಓದಿನ ವಿಷಯವಾಗಿ ಉಳಿಯಲಿಲ್ಲ. ಶಿವಮೊಗ್ಗದ ಆಸ್ಪತ್ರೆಯೊಂದರಿಂದ ಕೆಲಸಕ್ಕೆ ಸೇರಲು ಪತ್ರ ಬಂದಿತ್ತು. ಅದೇ ವಾರ ಒಂದು ಪ್ರಾರ್ಥನಾ ಕೂಟಕ್ಕೆ ಹೊರಗಿನಿಂದ ಬಂದ ಬೋಧಕರು ಎಲ್ಲರೆದುರು ಅವಳ ತಲೆ ಮೇಲೆ ಕೈಯಿಟ್ಟು, ಕರ್ತನು ನಿನ್ನನ್ನು ವಿದೇಶಕ್ಕೆ ಕಳಿಸುತ್ತಾನೆ ಎಂದುಬಿಟ್ಟರು. ಮನೆಯಲ್ಲಿ ಗೊಂದಲ. ಶಿವಮೊಗ್ಗಕ್ಕೆ ಸೇರಿದರೆ ದೇವರ ಮಾತು ಮೀರಿದ ಹಾಗಾ? ಅಪ್ಪ ಏಜೆಂಟನಿಗೆ ಕೊಡಲು ಸಾಲದ ಮಾತೂ ಎತ್ತಿದ್ದರು. ಅವಳು ತಮ್ಮ ಸಭೆಯ ಪಾಸ್ಟರ್ ಹತ್ತಿರ ಹೋದಳು. ಅವರು ಆ ಮಾತು ಸರಿಯೋ ತಪ್ಪೋ ಹೇಳಲಿಲ್ಲ. ಕೇಳಿದ್ದು ಮೂರೇ: ಆ ಮಾತು ಕೇಳುವುದಕ್ಕೆ ಮೊದಲು ನಿನ್ನ ಮನಸ್ಸಿನಲ್ಲಿ ಹಾಗೇನಾದರೂ ಇತ್ತಾ ಮಗಳೇ? ಆ ಸಾಲ ತೀರಿಸುವವರು ಯಾರು? ಎರಡು ವರ್ಷ ತಡವಾದರೆ ದೇವರ ಯೋಜನೆ ಕೆಟ್ಟುಹೋಗುತ್ತದಾ?

ಅವಳು ಶಿವಮೊಗ್ಗದಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಆ ಬೋಧಕರ ಮಾತು ಸುಳ್ಳು ಅಂತ ಅವಳು ಹೇಳುವುದಿಲ್ಲ, ನಿಜ ಅಂತಲೂ ಹೇಳುವುದಿಲ್ಲ. ಹೋದ ತಿಂಗಳು ಸ್ವಂತ ಸಂಬಳದಲ್ಲಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದಾಳೆ.