ಅಂಜನಾಪುರದ ಭತ್ತವೂ ಬೆಂಗಳೂರಿನ ಬಿಯರೂ

ಅಂಜನಾಪುರದಲ್ಲಿ ಕುಮುದ್ವತಿಗೆ ಕಟ್ಟಿದ ಜಲಾಶಯದ ನೀರುಂಡು ಬೆಳೆಯುವ ಭತ್ತಕ್ಕೂ ಬೆಂಗಳೂರಿನ ಬಿಯರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟಾಗಬೇಕೆಂಬುದೇ ನಮ್ಮ ಅಭಿಪ್ರಾಯವು.

1915ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಷ್‌ಮನ್ನನು ದಕ್ಷಿಣದ ಕೆಲವು ಕಾರ್ಖಾನೆಗಳನ್ನು ಕೂಡಿಸಿ ಸ್ಥಾಪಿಸಿದ ಯುನೈಟೆಡ್ ಬ್ರೂವರೀಸ್ ಸಂಸ್ಥೆಗೆ 1947ರಲ್ಲಿ ವಿಠಲ ಮಲ್ಯರು ಪ್ರಥಮ ಭಾರತೀಯ ನಿರ್ದೇಶಕರಾದರು. 2021ರಲ್ಲಿ ಅದು ಹೈನೆಕೆನ್ ಎಂಬ ಡಚ್ ಕಂಪೆನಿಯ ವಶವಾಗಿ ಪುನಃ ಪರಕೀಯವಾಯಿತು. ಹೀಗಿರಲು, 2010ರಲ್ಲಿ ಇಂದಿರಾನಗರದಲ್ಲಿ ತೆರೆದ ಟಾಯ್ಟ್ ಪಾನಗೃಹವು ಸ್ವಂತ ಕೊಪ್ಪರಿಗೆಗಳಲ್ಲಿ ಕಾಯಿಸಿ ಹುದುಗಿಸಿದ ಬಿಯರನ್ನೇ ಬಡಿಸಿ, ಪುಣೆ ಮುಂಬಯಿಗಳವರೆಗೂ ಬೆಳೆದುದು ಪ್ರಶಂಸಾರ್ಹವು. (ಪಾನನಿರೋಧವಾದಿಗಳು ಕ್ಷಮಿಸಬೇಕು, ನಾವಿಲ್ಲಿ ವಿಚಾರಿಸುವುದು ಉದ್ಯಮವನ್ನು, ಚಟವನ್ನಲ್ಲ.)

ಅವರ ಬಿಯರುಗಳಲ್ಲೊಂದಕ್ಕೆ ಬಾಸುಮತಿ ಅಕ್ಕಿಯು ಬೀಳುತ್ತದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸತ್ತ್ವವು ಬೆಂದ ಅಕ್ಕಿಯ ಪಿಷ್ಟವನ್ನು ಸಕ್ಕರೆಯಾಗಿಸುವುದು. ಆ ಸಕ್ಕರೆಯನ್ನುಂಡು ಯೀಸ್ಟು ಮದ್ಯಸಾರವನ್ನು ಹುಟ್ಟಿಸುವುದು. ಅಕ್ಕಿ ಬಿದ್ದ ಬಿಯರು ಹಗುರವಾಗಿರುವುದು. ಈ ಕಾರ್ಯಕ್ಕೆ ಉತ್ತರ ದೇಶದ ಸುಗಂಧದ ಅಕ್ಕಿಯೇ ಆಗಬೇಕೆಂಬ ನಿಯಮವೇನೂ ಇಲ್ಲ; ಮಲೆನಾಡಿನ ನುಚ್ಚಕ್ಕಿಯೂ ಸಾಕು. ಹಾಪ್ಸ್ ಹೂವು ನಮ್ಮ ಸೆಕೆಗೆ ಒಗ್ಗದು, ಅದನ್ನು ಹೊರಗಿನಿಂದ ತರಿಸಲಿ. ಅಕ್ಕಿಯನ್ನಾದರೂ ಶಿಕಾರಿಪುರ ಸೊರಬಗಳ ರೈತನಿಂದ ಕೊಳ್ಳಲು ಅಡ್ಡಿಯೇನು?